ಮೊದಲು ಖೋಕನ್

ಖೋಕನ್ ಶೌಚಾಲಯ ಹೊಕ್ಕು ಚಿಲಕ ಹಾಕಿಕೊಂಡು ಇಪ್ಪತ್ತು ನಿಮಿಷವಾಗಿತ್ತು.

“ಬಾಗಿಲು ತೆಗಿಯೋ” ಎಂದು ಬಿಭಾವತಿ ಮೂರನೆಯ ಸಲ ತಟ್ಟಿದಳು. “ಬೀದಿಯವರೆಲ್ಲ ನೋಡ್ತಿದಾರೆ. ಮಾನ ಹೋಗ್ತಿದೆ.”

“ಹೊಟ್ಟೆ ನೋವು, ಅಮ್ಮ.”

“ಪರೀಕ್ಷೆ ದಿನ ನಿಂಗೆ ಯಾವತ್ತು ಹೊಟ್ಟೆ ನೋವು ಬಂದಿಲ್ಲ ಹೇಳು!”

ಬೀದಿಯವರು ನೋಡುತ್ತಿದ್ದುದು ನಿಜ. ಕಲ್ಕತ್ತದ ಆ ಸಂಶೋಧನಾ ಕೇಂದ್ರದ ಬೆಂಚುಗಳ ಮೇಲೆ ಅವರ ಬೀದಿಯ ಹನ್ನೊಂದು ಮಕ್ಕಳೂ ಅವರ ತಾಯಂದಿರೂ ಒತ್ತಿಕೊಂಡು ಕೂತಿದ್ದರು. ಹದಿಹರೆಯದವರ ಜೊಲ್ಲಿನಿಂದ ವಂಶವಾಹಿಗಳನ್ನು ಓದಿ, ಯಂತ್ರದಲ್ಲಿ ಮಲಗಿಸಿ ಮೆದುಳಿನ ಚಿತ್ರ ತೆಗೆದು, ಯಾರ ಮನಸ್ಸಿಗೆ ಮುಂದೆ ತೊಂದರೆ ಬರಬಹುದೆಂದು ಮೊದಲೇ ಕಂಡುಹಿಡಿಯುವ ಕೆಲಸ ಅಲ್ಲಿಯದು. ಆದರೆ ತಾಯಂದಿರು ದುರ್ಗಾಪೂಜೆಯ ಕ್ಲಬ್ಬಿನಲ್ಲಿ ಸಭೆ ಸೇರಿ ಒಂದೇ ಮಾತು ಹೇಳಿದ್ದರು: ಮೊದಲು ಖೋಕನ್ ಆ ಯಂತ್ರದೊಳಗೆ ಹೋಗಿ ಬರಲಿ, ಆಮೇಲೆ ನಮ್ಮ ಮಕ್ಕಳು. ಹಿಂದೆ ಬಂದವರಂತೆ ಇವತ್ತು ಇವರೂ ಎದ್ದು ಹೋದರೆ ಇಡೀ ಕೆಲಸವನ್ನು ಬೇರೆ ಊರಿಗೆ ಕೊಡುತ್ತೇವೆಂದು ದಿಲ್ಲಿಯಿಂದ ಕಾಗದ ಬಂದಿತ್ತು. ಈಗ ಎಲ್ಲವೂ ಒಂದು ಚಿಲಕದ ಕೈಯಲ್ಲಿತ್ತು.

ಬಿಭಾವತಿ ತನ್ನ ಕಡೆಯಿಂದ ಯಾವ ಕೊರತೆಯನ್ನೂ ಮಾಡಿರಲಿಲ್ಲ. ಬೆಳಿಗ್ಗೆ ಮೊಟ್ಟೆ ಮುಟ್ಟಗೊಡಲಿಲ್ಲ. ಪರೀಕ್ಷೆಯ ದಿನ ಮೊಟ್ಟೆ ತಿಂದವರಿಗೆ ಸೊನ್ನೆ ಬರದೆ ಇನ್ನೇನು ಬಂದೀತು? ಹಣೆಗೆ ಮೊಸರಿನ ಬೊಟ್ಟಿಟ್ಟಳು. ತಲೆಯ ಮೇಲೆ ಎದ್ದು ನಿಂತಿದ್ದ ನಾಲ್ಕು ಕೂದಲನ್ನು ನೀರು ಹಚ್ಚಿ ಕೂರಿಸಿದಳು. ಯಂತ್ರದ ಕೋಣೆ ತಣ್ಣಗಿರುತ್ತದೆಂದು ಕೇಳಿ ಮಂಕಿ ಟೋಪಿಯನ್ನೂ ಚೀಲಕ್ಕೆ ತುರುಕಿದಳು.

“ಇದು ಪರೀಕ್ಷೆ ಅಲ್ಲಮ್ಮ, ಇಲ್ಲಿ ಮಾರ್ಕ್ಸು ಕೊಡಲ್ಲ” ಎಂದು ಖೋಕನ್ ದಾರಿಯಲ್ಲಿ ಎರಡು ಸಲ ಹೇಳಿದ್ದ.

“ನಿಂಗೇನು ಗೊತ್ತು” ಎಂದು ಆಕೆ ಬಾಯಿ ಮುಚ್ಚಿಸಿದ್ದಳು.

ಶೌಚಾಲಯದ ಪಕ್ಕದ ಗೋಡೆಗೆ ಒಂದು ದೊಡ್ಡ ಪ್ರಕಟಣೆ ಅಂಟಿಸಿತ್ತು. ಬಿಭಾವತಿ ಬಾಗಿಲಿಗೆ ಬಾಯಿಟ್ಟು ಅದನ್ನೇ ಗಟ್ಟಿಯಾಗಿ ಓದಿದಳು. “‘ಹೆದರುವಂಥದ್ದು ಏನೂ ಇಲ್ಲ’ ಅಂತ ಬರೆದಿದೆ. ಕೆಳಗೆ ಪ್ರೊಫೆಸರ್ ಸಹಿ ಬೇರೆ ಇದೆ. ನೀನು ಹೀಗೆ ಒಳಗೆ ಕೂತ್ರೆ ಸಹಿ ಹಾಕಿದವರ ಮರ್ಯಾದೆ ಏನಾಗಬೇಕು?”

“ಬರೆಯೋದು ಸುಲಭ, ಅಮ್ಮ” ಎಂದಿತು ಒಳಗಿನ ದನಿ. ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು.

ಯಂತ್ರ ನೋಡಿಕೊಳ್ಳುವ ಹುಡುಗಿ ಪೌಲೋಮಿ ಒಂದು ಪುಟ್ಟ ಕೊಳವೆ ಹಿಡಿದು ಬಂದಳು. “ಈ ಗೆರೆವರೆಗೂ ಜೊಲ್ಲು ತುಂಬಬೇಕು. ಅರ್ಧ ಗಂಟೆಯಿಂದ ಏನೂ ತಿಂದಿಲ್ಲ ತಾನೆ?”

ಖೋಕನ್ ಇಲ್ಲವೆಂದು ತಲೆಯಾಡಿಸಿದ. ಅವನ ಎಡಗೆನ್ನೆ ಉಬ್ಬಿತ್ತು.

“ಬರೀ ಒಂದು ಸಂದೇಶ್ ಮಿಠಾಯಿ” ಎಂದಳು ಬಿಭಾವತಿ. “ಇಷ್ಟೇ ಇಷ್ಟು. ಹೆದರಿದ ಮಗು ಬರಿಹೊಟ್ಟೇಲಿ ಇರಬೇಕಾ?”

ಮತ್ತೆ ಅರ್ಧ ಗಂಟೆ ಕಾದರು. ಆ ಹೊತ್ತಿಗೆ ಭಯದಿಂದ ಖೋಕನ್‌ನ ಬಾಯಿ ಒಣಗಿಹೋಗಿತ್ತು. ಬಿಭಾವತಿ ಹುಣಿಸೆನೀರು, ಹಸಿಮಾವು, ಬೋರೆಹಣ್ಣಿನ ಉಪ್ಪಿನಕಾಯಿ ಎಂದು ಒಂದೊಂದಾಗಿ ವರ್ಣಿಸಿದಳು. ಬೆಂಚಿನ ಮೇಲಿನ ಹನ್ನೊಂದು ಮಕ್ಕಳೂ ಬಾಯಲ್ಲಿ ನೀರು ತುಂಬಿ ಗುಟುಕರಿಸಿದರು. ಕೊನೆಗೂ ಕೊಳವೆ ಹೇಗೋ ತುಂಬಿತು. ಪೌಲೋಮಿ ತುಟಿ ಕಚ್ಚಿಕೊಂಡು ನೆಲ ನೋಡುತ್ತಲೇ ಅದನ್ನು ಇಸಿದುಕೊಂಡಳು. ಎಷ್ಟು ನಾಚಿಕೆಯ ಹುಡುಗಿ ಎಂದು ಬಿಭಾವತಿಗೆ ಮೆಚ್ಚುಗೆಯಾಯಿತು.

ಆಮೇಲೆ ಪ್ರಶ್ನೆಗಳ ಹಾಳೆ ಬಂತು. ‘ತಾಯಿಗೆ ತಿಳಿಯದಂತೆ ಸಿಗರೇಟು ಸೇದುವುದುಂಟೇ?’ ಎಂಬಲ್ಲಿ ಖೋಕನ್ ಎಡಗೈ ಅಡ್ಡ ಹಿಡಿದು ಗುರುತು ಹಾಕಿದ.

“ನೀರಿನ ಟ್ಯಾಂಕಿನ ಹಿಂದೆ ಅಂತಲೂ ಬರಿ” ಎಂದಳು ಬಿಭಾವತಿ.

ಯಂತ್ರದ ಕೋಣೆಗೆ ಲೋಹದ ಚೂರೂ ಹೋಗಬಾರದು. ಖೋಕನ್ ಕೊರಳಿನ ತಾಯತ, ಜ್ಯೋತಿಷಿ ಕೊಟ್ಟ ಹವಳದ ಉಂಗುರ, ಕನ್ನಡಕ, ಕೊನೆಗೆ ಹಲ್ಲಿನ ತಂತಿ ಎಲ್ಲವನ್ನೂ ಬಿಚ್ಚಿ ಬಟ್ಟಲಿನಲ್ಲಿಟ್ಟ. ಮಲಗಿದ. ಹಾಸಿಗೆ ಇನ್ನೂ ಒಳಗೆ ಸರಿದಿರಲಿಲ್ಲ, ಅಷ್ಟರಲ್ಲೇ ಕೈಯಲ್ಲಿದ್ದ ಅಪಾಯದ ಗುಂಡಿ ಒತ್ತಿಬಿಟ್ಟ.

ಹೊರಗೆ ಗುಸುಗುಸು ಎದ್ದಿತು. ಎರಡನೆಯ ಸರದಿ ಹದಿನಾಲ್ಕರ ಟುಸಿಯದು. “ಆಗಲ್ಲ ಅಂದ್ರೆ ಹೇಳಿಬಿಡಲಿ, ನಾವು ಮನೆಗೆ ಹೋಗ್ತೀವಿ” ಎಂದಳು ಅವಳು. ಅವಳ ತಾಯಿ ಆಗಲೇ ಚೀಲ ಹೆಗಲಿಗೇರಿಸಿದ್ದಳು.

ಬಿಭಾವತಿ ತಡಮಾಡಲಿಲ್ಲ. ಬಳೆಗಳನ್ನು ಕಿತ್ತು ಪೌಲೋಮಿಯ ಕೈಗೆ ತುರುಕಿ, ಒಳಗೆ ಹೋಗಿ ಮಗನ ಕಾಲಿನ ಹೆಬ್ಬೆರಳು ಹಿಡಿದು ನಿಂತಳು. “ನಾನಿದೀನಿ. ಅಲ್ಲಾಡಿದ್ರೆ ಚಿವುಟ್ತೀನಿ.”

ಯಂತ್ರ ಢಬಢಬ ಬಡಿಯಿತು, ಗರಗರ ಕೊರೆಯಿತು. ಖೋಕನ್‌ನ ಕಣ್ಣೆದುರು ಕೋಪದ ಮುಖಗಳ ಚಿತ್ರಗಳು ಒಂದಾದ ಮೇಲೊಂದು ಬಂದುಹೋದವು. ಇಪ್ಪತ್ತು ನಿಮಿಷ ಅವನು ಅಲ್ಲಾಡಲಿಲ್ಲ. ಹೆಚ್ಚೆಂದರೆ ನಾಲ್ಕು ಸಲ.

“ಏನು ಬಂತಮ್ಮ?” ಎಂದು ಬಿಭಾವತಿ ಹೊರಗೆ ಬಂದವಳೇ ಕೇಳಿದಳು.

“ಕೋಪದ ಮುಖಗಳಿಗೆ ಮೆದುಳು ಏನೂ ಅನ್ನಲಿಲ್ಲ, ಮಾಸಿಮಾ” ಎಂದಳು ಪೌಲೋಮಿ ನಗು ನುಂಗಿಕೊಂಡು. “ನೀವು ಬೆರಳು ಚಿವುಟಿದಾಗ ಮಾತ್ರ ಹೆದರಿಕೆಯ ಜಾಗ ದೀಪಾವಳಿ ಥರ ಹೊತ್ಕೊಂತು.”

“ಅಂದ್ರೆ ಪಾಸಾ?”

“ಪಾಸು, ಮಾಸಿಮಾ.”

ಬೆಂಚುಗಳಿಂದ ಚಪ್ಪಾಳೆ ಬಿತ್ತು. ಟುಸಿಯ ತಾಯಿ ಚೀಲ ಕೆಳಗಿಟ್ಟಳು. ಟುಸಿ ಎದ್ದು ಬಂದಳು. ಈಗ ಅವಳ ಮುಖ ಬಿಳಿಚಿಕೊಂಡಿತ್ತು.

“ಒಳಗೆ ತುಂಬಾ ಹೆದ್ರಿಕೆ ಆಗುತ್ತಾ?”

ಖೋಕನ್ ಬಟ್ಟಲಿನಲ್ಲಿದ್ದ ಕಟ್ಟುಹಲ್ಲುಗಳನ್ನು ತಂತಿಸಮೇತ ಬಾಯಿಗೆ ಸೇರಿಸಿದ. ಗೂಟದಲ್ಲಿ ನೇತಾಡುತ್ತಿದ್ದ ಬಿಳಿ ಕೋಟು ತೊಟ್ಟು, ‘ಪ್ರೊಫೆಸರ್ ನಿರ್ಮಾಲ್ಯ ಸಮಾದ್ದಾರ್, ಮುಖ್ಯಸ್ಥರು’ ಎಂಬ ಬಿಲ್ಲೆಯನ್ನು ಎದೆಯ ಮೇಲೆ ನೆಟ್ಟಗೆ ಮಾಡಿಕೊಂಡ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಆ ಮನುಷ್ಯ, ಹಣೆಯ ಮೊಸರಿನ ಬೊಟ್ಟು ಹಾಗೆಯೇ ಇರಲು, ಬಹಳ ಗಂಭೀರವಾಗಿ ಹೇಳಿದ: “ಹೆದರುವಂಥದ್ದು ಏನೂ ಇಲ್ಲ, ಮಗು.”