ಕೆಂಪರಾಜನಿಗೊಂದು ಫಿಲ್ಟರ್

ಅತ್ತೆ ಕಾಶಿಗೆ ಹೊರಟಾಗ, “ನಿಮ್ಮ ಮೀನನ್ನ ನಾನು ನೋಡ್ಕೋತೀನಿ” ಎಂದು ಅಳಿಯ ಹಟ ಹಿಡಿದಿದ್ದ. ತೊಟ್ಟಿ ಸಮೇತ ಮೀನು ಅವನ ಮನೆಗೆ ಬಂತು. ಐದನೆಯ ದಿನ ಅವನು ಮೀನಿನ ಅಂಗಡಿಗೆ ಓಡಿಬಂದ.

“ಸಾರ್, ನೀರು ಮೆತ್ತಗೆ ಹರಿಯೋ ಫಿಲ್ಟರ್ ಕೊಡಿ. ಈಗಿರೋದು ಹಾಕಿದ್ರೆ ನಮ್ಮ ಫೈಟರ್ ಮೀನು ಗಿರಗಿರ ತಿರುಗುತ್ತೆ.”

“ಫೈಟರ್‌ಗೆ ರಭಸ ಆಗಲ್ಲ. ಸ್ಪಂಜ್ ಫಿಲ್ಟರ್ ತಗೊಳ್ಳಿ, ಬರೀ ಗುಳ್ಳೆ ಬರುತ್ತೆ. ಊಟ ಮಾಡ್ತಿದೆಯಾ?”

“ಒಂದು ಕಾಳೂ ಮುಟ್ಟಿಲ್ಲ. ಅತ್ತೆ ದಿನಾ ಫೋನ್ ಮಾಡಿ ‘ನಮ್ಮ ಕೆಂಪರಾಜ ಹೇಗಿದ್ದಾನೆ’ ಅಂತಾರೆ. ಅವನಿಗೇನಾದ್ರೂ ಆದ್ರೆ ನನ್ನ ಕಥೆ ಮುಗೀತು.”

ಹೆಸರು ಕೇಳಿದ್ದೇ ಅಂಗಡಿಯವರು ಫಿಲ್ಟರನ್ನು ಮತ್ತೆ ಶೆಲ್ಫಿನಲ್ಲಿಟ್ಟರು.

“ಓ, ಆ ಅಮ್ಮನ ಅಳಿಯಂದ್ರು ನೀವೇನಾ?”

“ಹೌದು, ಯಾಕೆ?”

ಗಲ್ಲಾದ ಪಕ್ಕದ ಜಾಡಿಯಲ್ಲಿ ಕೆಂಪು ಮೀನೊಂದು ರೆಕ್ಕೆ ಬಿಚ್ಚಿ ಜೋರಾಗಿ ಓಡಾಡುತ್ತಿತ್ತು. ಅಂಗಡಿಯವರು ಅದರತ್ತ ಕೈ ತೋರಿಸಿದರು.

“ಇವನೇ ಕೆಂಪರಾಜ. ಅಳಿಯಂದ್ರು ಬಾಯ್ಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನೋಕಾಗಲ್ಲ ನೋಡಿ, ಅದಕ್ಕೆ ನಿಮಗೆ ಪ್ಲಾಸ್ಟಿಕ್ ಮೀನು ಕೊಟ್ಟು ಹೋಗಿದ್ದಾರೆ.”