ಪುಟಕ್ಕೆ ಎಷ್ಟು

“ಕಂಪನಿ ಹೆಸರೇನು ಮೇಡಂ?”

ಈ ಪ್ರಶ್ನೆ ಬರಬಹುದೆಂದು ದಾನಮ್ಮ ಯೋಚಿಸಿರಲಿಲ್ಲ.

“ಹೊಸ ಕಂಪನಿ ಸಾರ್. ಹೆಸರು ಇನ್ನೂ ರಿಜಿಸ್ಟರ್ ಆಗ್ತಿದೆ.”

ಫೋನಿನ ಆಚೆ ಇದ್ದ ಜಯಸಿಂಹ ಅಷ್ಟಕ್ಕೇ ನಂಬಿಬಿಟ್ಟರು.

ಕಂಪನಿಯೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಇದ್ದದ್ದು ಬಿಟಿಎಂ ಲೇಔಟಿನ ಒಂದು ಬಾಡಿಗೆ ರೂಮು ಮತ್ತು ಕಾಲ್ ಸೆಂಟರಿನ ನೌಕರಿ ಕಳೆದುಕೊಂಡು ಕೂತಿದ್ದ ದಾನಮ್ಮ. ಮಿಕ್ಸಿ, ವಾಷಿಂಗ್ ಮಷಿನ್ ಬಳಸುವುದು ಹೇಗೆಂದು ಫೋನಿನಲ್ಲಿ ಜನಕ್ಕೆ ಬಿಡಿಸಿ ಹೇಳಿ ಅವಳಿಗೆ ಅಭ್ಯಾಸ. ಅದನ್ನೇ ಕೈಪಿಡಿಯಾಗಿ ಬರೆದುಕೊಟ್ಟರೆ ಟೆಕ್ನಿಕಲ್ ರೈಟಿಂಗ್ ಆಗುತ್ತದೆ, ಮನೆಯಲ್ಲೇ ಕೂತು ಸಂಪಾದಿಸಬಹುದು ಎಂದು ಗೊತ್ತಾಗಿತ್ತು. ಆದರೆ ಎಷ್ಟು ಕೇಳಬೇಕು? ಇಂಟರ್ನೆಟ್ಟಿನಲ್ಲಿ ಎಲ್ಲ ಡಾಲರ್ ಲೆಕ್ಕ. ಪಳಗಿದವರನ್ನು ಕೇಳಿದರೆ “ಅದು ಕೆಲಸದ ಮೇಲೆ ಹೋಗುತ್ತೆ” ಎಂದು ಜಾರಿಕೊಂಡರು. ಹೊಸಬಳಿಗೆ ಯಾರೂ ದರ ಹೇಳುವುದಿಲ್ಲ. ಗಿರಾಕಿಗೆ ಎಲ್ಲರೂ ಹೇಳುತ್ತಾರೆ. ಅದಕ್ಕೇ ಅವಳು ಗಿರಾಕಿಯಾದಳು. ಹುಬ್ಬಳ್ಳಿಯ ರಾಗ ಅಡಗಿಸಿದಳು. ಹೆಸರು ತನ್ಮಯಿ ಎಂದಳು.

ಫೋನ್ ಮಾಡಿದ ಬರಹಗಾರರಲ್ಲಿ ಮೂರ್ನಾಲ್ಕು ಜನ ಬರೀ ದರ ಹೇಳಿ ಮುಗಿಸಿದರು. ಜಯನಗರದ ಜಯಸಿಂಹ ಮಾತ್ರ ಮನಸ್ಸು ಬಿಚ್ಚಿ ಮಾತಾಡಿದರು. ಪುಟಕ್ಕೆ ಎಷ್ಟು, ಚಿತ್ರಕ್ಕೆ ಎಷ್ಟು, ಮುಂಗಡ ಎಷ್ಟು, ಎಷ್ಟು ಸಲ ತಿದ್ದಿಕೊಡಬೇಕು, ಎಲ್ಲವನ್ನೂ ವಿವರಿಸಿದರು. ಸ್ಯಾಂಪಲ್ ಕೇಳಿದರೆ ಮರುದಿನವೇ ಹೊಸದಾಗಿ ಬರೆದು ಕಳಿಸಿದರು.

ಇನ್ನೂ ಒಂದು ದರ ತಿಳಿದುಬಿಡಲಿ ಎಂದು ದಾನಮ್ಮ ಕೇಳಿದಳು. “ಬೇರೆಯವರಿಗೆ ಬರೆಯದೆ, ಪೂರ್ತಿ ನಮಗೇ ಬರ್ಕೊಟ್ರೆ ಎಷ್ಟಾಗುತ್ತೆ ಸಾರ್?”

“ಗ್ಯಾರಂಟಿ ಕೆಲಸ ಅಲ್ವಾ ಮೇಡಂ?”

“ಗ್ಯಾರಂಟಿ ಸಾರ್.”

ಅವರು ದರ ಹೇಳಿದರು. ಅವಳು ಬರೆದುಕೊಂಡಳು, ಫೋನಿಟ್ಟಳು, ನಂಬರ್ ಬ್ಲಾಕ್ ಮಾಡಿದಳು. ಮನಸ್ಸಿಗೆ ಕೊಂಚ ಕಸಿವಿಸಿಯಾಯಿತು. ಅಂಗಡಿಯಲ್ಲಿ ಸೀರೆಯನ್ನೆಲ್ಲ ಬಿಡಿಸಿ ನೋಡಿ ಬರಿಗೈಲಿ ಎದ್ದು ಬರುವವರು ಎಷ್ಟು ಜನ ಇಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಅವರ ಸ್ಯಾಂಪಲ್ಲಿನ ಮಾತುಗಳನ್ನು ಅಲ್ಲಲ್ಲಿ ಬದಲಿಸಿ ತನ್ನ ಹೆಸರು ಹಾಕಿದಳು. ಅವರ ದರದ ಅರ್ಧ ಬರೆದು ಕಂಡಕಂಡ ಕಂಪನಿಗೆಲ್ಲ ಕಳಿಸಿದಳು.

ಕೆಲವು ವಾರ ಕಳೆದ ಮೇಲೆ ಜರಗನಹಳ್ಳಿಯಿಂದ ಕರೆ ಬಂತು. ಬಿಪಿ ನೋಡುವ ಯಂತ್ರ ತಯಾರಿಸುವ ಸಣ್ಣ ಕಂಪನಿ. ಅವಳು ಹೋದಾಗ ಮ್ಯಾನೇಜರ್ ಶಿವಕಿರಣ್ ಅವಳ ಕಾಗದಗಳನ್ನು ತಿರುವಿ ನಕ್ಕ.

“ಸಖತ್ತಾಗಿ ಬರೀತೀರಾ. ರೇಟೂ ಕಮ್ಮಿ. ಇವತ್ತಿಂದಲೇ ಶುರು ಮಾಡಿ.”

ದಾನಮ್ಮನಿಗೆ ಕಣ್ಣು ತುಂಬಿ ಬಂತು. “ಈ ಮೊದಲು ಯಾರು ಬರೀತಿದ್ರು ಸಾರ್?”

“ಒಬ್ರು ಹಿರಿಯರು. ಬಹಳ ವರ್ಷದಿಂದ ಇದ್ರು. ಎಲ್ಲೋ ದೊಡ್ಡ ಕೆಲಸ ಸಿಕ್ತು ಅಂತ ಸ್ವೀಟ್ ಹಂಚಿ ಬಿಟ್ಟು ಹೋದ್ರು. ಅಲ್ಲಿ ಕೈಕೊಟ್ಟಿದಾರೆ. ವಾಪಸ್ ಬಂದು ಕೇಳ್ತಾರೆ, ನಾನೇನ್ ಮಾಡ್ಲಿ? ಅಷ್ಟರಲ್ಲಿ ನಿಮ್ಮನ್ನ ಸೆಲೆಕ್ಟ್ ಮಾಡಾಗಿತ್ತು. ಹೊಸಬರಿಗೆ ಒಂದು ವಾರ ಕೆಲಸ ಹೇಳ್ಕೊಡಿ, ಅಷ್ಟಕ್ಕೆ ದುಡ್ಡು ಕೊಡ್ತೀನಿ ಅಂದೆ. ಒಪ್ಕೊಂಡ್ರು.”

“ಪಾಪ,” ಎಂದಳು ದಾನಮ್ಮ. ಮನಸಾರೆ ಅಂದಳು.

“ಪಕ್ಕದ ರೂಮಲ್ಲಿದಾರೆ. ಹೋಗಿ ಮಾತಾಡಿ.”

ಕಿಟಕಿಯ ಬಳಿ ಆ ಹಿರಿಯರು ತಲೆ ತಗ್ಗಿಸಿ ಕೂತಿದ್ದರು. ಇಸ್ತ್ರಿ ಮಾಡಿದ ಷರಟು, ಎರಡು ದಿನ ಕೆರೆಯದ ಗಡ್ಡ.

“ನಮಸ್ಕಾರ ಸಾರ್,” ಎಂದಳು ದಾನಮ್ಮ, ಬಾಗಿಲಲ್ಲೇ ನಿಂತು.

ಆ ದನಿ ಕೇಳಿ ಅವರು ಚಕ್ಕನೆ ತಲೆಯೆತ್ತಿದರು. ಮುಖ ಅರಳಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು ಕೈ ಮುಗಿದರು.

“ತನ್ಮಯಿ ಮೇಡಂ! ನನ್ನನ್ನ ಹುಡುಕ್ಕೊಂಡು ಇಲ್ಲೀವರೆಗೂ ಬಂದ್ರಾ?”