ಗೋಡೆಯ ಮೇಲಿನ ತೀರ್ಪು

ಕಳ್ಳ ಸಹಿ ಒಂದಾದರೂ ಸಿಕ್ಕೇ ಸಿಗುತ್ತದೆ ಎಂದು ವಾರೆನ್ ಟಾಲ್ಮನ್ ಹಟ ಹಿಡಿದು ಕೂತಿದ್ದ. ಓಫೀಲಿಯಾ ಬೆಹರಾನೊ ತಂದ ಹಾಳೆಗಳನ್ನು ಎರಡು ಗಂಟೆಯಿಂದ ಮತದಾರರ ಪಟ್ಟಿಯೊಡನೆ ತಾಳೆ ನೋಡುತ್ತಿದ್ದ. ಹೆಸರು ಸರಿ. ವಿಳಾಸ ಸರಿ. ತಾರೀಖು ಸರಿ. ಫೀನಿಕ್ಸ್‌ನ ಮೇ ತಿಂಗಳ ಬಿಸಿಲಿನಲ್ಲಿ, ದಿನಸಿ ಅಂಗಡಿಗಳ ಬಾಗಿಲಲ್ಲಿ ನಿಂತು ಇಷ್ಟು ಚೊಕ್ಕವಾಗಿ ಸಹಿ ಹಾಕಿಸುವವರನ್ನು ಅವನು ಕಂಡಿರಲಿಲ್ಲ. ಅದೇ ಅವನ ಅನುಮಾನ.

"ಇದರಲ್ಲಿ ನಿಮಗೇನು ಸಿಗುತ್ತೆ?" ಎಂದು ಕೇಳಿಯೇಬಿಟ್ಟ.

"ಕೂಲಿ ಕೊಡ್ತೀರಲ್ಲ ಯಜಮಾನ್ರೇ."

"ಬರೀ ಕೂಲಿಗೆ ಬರೋರು ಇಷ್ಟು ಬೆವರು ಸುರಿಸಲ್ಲ."

ಅವಳು ಗೋಡೆಯ ಮೇಲಿದ್ದ ಗಾಜಿನ ಚೌಕಟ್ಟಿನ ಮುಂದೆ ನಿಂತು ಕೂದಲು ಸರಿಮಾಡಿಕೊಂಡಳು. "ಮೊದಲು ಪಕ್ಕದ ರಾಜ್ಯದಲ್ಲಿದ್ದೆ. ಮಗನ ಕೇಸ್ ಹಿಡ್ಕೊಂಡು ಹನ್ನೊಂದು ಜನ ವಕೀಲರ ಬಾಗಿಲು ತಟ್ಟಿದೆ. ಒಬ್ಬರೂ ಒಳಗೆ ಕರೀಲಿಲ್ಲ. ಸೇಡು ಅನ್ನೋದು ನಿಮಗೊಬ್ಬರಿಗೇ ಇರುತ್ತಾ?"

ಅನುಮಾನ ಕರಗಿತು. ಸೇಡು ಅವನಿಗೆ ಚೆನ್ನಾಗಿ ಅರ್ಥವಾಗುವ ವಿಷಯ.

ಇಪ್ಪತ್ತು ವರ್ಷಗಳಿಂದ ಅವನು ಶಾಸನಸಭೆಯ ಪಡಸಾಲೆಗಳಲ್ಲಿ ವಿಮಾ ಕಂಪನಿಗಳ ಪರವಾಗಿ ಓಡಾಡುತ್ತಿದ್ದ. ಆಸ್ಪತ್ರೆಯ ತಪ್ಪಿನಿಂದ ಕೈಕಾಲು ಹೋದರೂ, ಜೀವವೇ ಹೋದರೂ, ಆ ನೋವಿಗೆ ನ್ಯಾಯಾಲಯ ಕೊಡಿಸುವ ಪರಿಹಾರಕ್ಕೆ ಮಿತಿ ಹಾಕಬೇಕೆಂದು ಈ ರಾಜ್ಯದಲ್ಲಿ ಎರಡು ಸಲ ವಿಷಯವನ್ನು ಜನರ ಮತಕ್ಕೆ ಒಯ್ದಿದ್ದ. ಎರಡು ಸಲವೂ ವಕೀಲರು ಅವನಿಗೆ ಮಣ್ಣು ಮುಕ್ಕಿಸಿದ್ದರು. ಎರಡನೆಯ ಸೋಲಿನ ಮರುದಿನ ಅವನ ಕಚೇರಿಗೆ ಶವದ ಮೇಲಿಡುವ ಹೂಚಕ್ರ ಕಳಿಸಿದ್ದರು. ಅದರ ಕಪ್ಪು ರಿಬ್ಬನ್ ಇನ್ನೂ ಅವನ ಮೇಜಿನ ಖಾನೆಯಲ್ಲಿತ್ತು. ಇದು ಮೂರನೆಯ ಸಲ. ಜುಲೈ ಮೊದಲ ವಾರದೊಳಗೆ ಸಾಕಷ್ಟು ಸಹಿ ಕೂಡಿಸಿದರೆ ನವೆಂಬರಿನಲ್ಲಿ ಮತದಾನ. ತಪ್ಪಿದರೆ ಕಂಪನಿಗಳು ಬೇರೆ ಆಳು ನೋಡಿಕೊಳ್ಳುತ್ತವೆ. ಅದನ್ನು ಅವನಿಗೆ ಬಾಯಿಬಿಟ್ಟೇ ಹೇಳಿದ್ದರು.

"ನಿಮ್ಮಂಥೋರು ಇನ್ನೂ ಇದ್ರೆ ಕರ್ಕೊಂಡು ಬನ್ನಿ," ಎಂದ.

ಅವಳು ಹದಿಮೂರು ಮಂದಿಯನ್ನು ಕರೆತಂದಳು. ಯಾರ ಮೇಲೂ ಪೊಲೀಸ್ ದಾಖಲೆ ಇರಲಿಲ್ಲ. ಅದೊಂದನ್ನು ಮಾತ್ರ ಅವನು ಪರೀಕ್ಷಿಸಿದ. ಅವರಲ್ಲಿ ಮೊಣಕೈಗೆ ಸದಾ ಪಟ್ಟಿ ಸುತ್ತಿಕೊಂಡ ಮುದುಕನೊಬ್ಬ ವಾರಕ್ಕೆ ಮೂರು ಮಧ್ಯಾಹ್ನ ಕೆಲಸಕ್ಕೆ ಬರುತ್ತಿರಲಿಲ್ಲ. ಆದರೂ ಉಳಿದವರ ಎರಡರಷ್ಟು ಸಹಿ ತರುತ್ತಿದ್ದ. ಜೂನ್ ಕೊನೆಗೆ ಬೇಕಾದ ಸಹಿಗಳಲ್ಲಿ ನಾಲ್ಕನೆಯ ಒಂದು ಪಾಲು ಓಫೀಲಿಯಾಳ ತಂಡದ್ದೇ ಆಗಿತ್ತು.

ಒಂದು ದಿನ ಅವಳು ಹಾಳೆಗಳನ್ನು ಎಣಿಸಿಕೊಡುತ್ತಿರುವಾಗ ಸೆನೆಟರ್ ಹಾಲ್ಕಮ್ ಬಂದ. ಚೌಕಟ್ಟನ್ನು ಕಂಡು ನಕ್ಕ.

"ಏನಯ್ಯಾ ವಾರೆನ್, ನನ್ನ ಕಾನೂನನ್ನ ಇನ್ನೂ ಮುದ್ದಾಡ್ತಿದ್ದೀಯಾ?"

"ನಿನ್ನದೆಲ್ಲಿ ಬಂತು? ಬರೆದದ್ದು ನಾನು. ನೀನು ಮಂಡಿಸಿದೆ, ಅಷ್ಟೇ."

"ಅದನ್ನ ನಾನು ಓದಿದ್ದೂ ಇಲ್ಲ ಮಾರಾಯ!"

"ಏನದು ಯಜಮಾನ್ರೇ?" ಓಫೀಲಿಯಾ ಕೇಳಿದಳು.

ಟಾಲ್ಮನ್‌ಗೆ ಹೇಳುವ ಹುಮ್ಮಸ್ಸು ಬಂತು. "ಸಹಿ ಕೂಡಿಸಿದವರನ್ನ ಕೋರ್ಟು ಕರೆದಾಗ ಅವರು ಬರಲೇಬೇಕು. ಬರಲಿಲ್ವೋ, ಅವರು ತಂದ ಸಹಿಯೆಲ್ಲ ರದ್ದು. ಎರಡು ವರ್ಷದ ಹಿಂದೆ ರೋಗಿಗಳ ಸಂಘ ಅಂತ ಒಂದು, ನಮ್ಮ ವಿರುದ್ಧ ಇಂಥದ್ದೇ ಸಹಿ ಅರ್ಜಿ ಹಿಡ್ಕೊಂಡು ಬಂತು. ಸಹಿ ಕೂಡಿಸಿದವರಲ್ಲಿ ಹದಿನಾಲ್ಕು ಜನ ಕೋರ್ಟಿಗೆ ಬರಲಿಲ್ಲ. ಒಬ್ಬ ಡಯಾಲಿಸಿಸ್ ಮಾಡಿಸ್ಕೋತಿದ್ದನಂತೆ. ಇನ್ನೊಬ್ಬಳು ಯಾರನ್ನೋ ಮಣ್ಣು ಮಾಡ್ತಿದ್ಲಂತೆ. ಜಡ್ಜ್‌ಗೆ ಕನಿಕರ ಬಂತು. ಏನು ಪ್ರಯೋಜನ? ಕನಿಕರಕ್ಕೆ ಅದರಲ್ಲಿ ಜಾಗಾನೇ ಇರಲಿಲ್ಲ. ಆ ತೀರ್ಪೇ ಇದು."

"ಒಂದಿಂಚೂ ಜಾಗ ಬಿಟ್ಟಿಲ್ವಾ?"

"ಒಂದಿಂಚೂ ಇಲ್ಲ."

"ಗಟ್ಟಿ ಕಾನೂನು," ಎಂದು ಅವಳು ಗಾಜಿನಲ್ಲಿ ಮತ್ತೆ ಕೂದಲು ಸರಿಮಾಡಿಕೊಂಡಳು.

ಸಹಿಗಳು ಸಲ್ಲಿಕೆಯಾದವು. ವಕೀಲರ ಸಂಘ ತಕರಾರು ತೆಗೆದು, ಸಹಿ ಕೂಡಿಸಿದ ಎಲ್ಲರಿಗೂ ಕೋರ್ಟಿನಿಂದ ಸಮನ್ಸ್ ಕೊಡಿಸಿತು. ಟಾಲ್ಮನ್ ನಕ್ಕ. ಬಸ್ಸು ಗೊತ್ತು ಮಾಡಿದ. ಎಲ್ಲರಿಗೂ ಬೆಳಗಿನ ತಿಂಡಿಗೆ ಬುರಿಟೊ ಹೇಳಿಟ್ಟ. ಹಿಂದಿನ ದಿನ ಓಫೀಲಿಯಾಳಿಗೆ ಫೋನ್ ಮಾಡಿದ.

"ತಾರೀಖು ಎಲ್ಲರಿಗೂ ನೆನಪಿದೆ ತಾನೇ?"

"ನಮ್ಮಲ್ಲಿ ಯಾರೂ ಮರೆಯಲ್ಲ ಯಜಮಾನ್ರೇ."

ಮರುದಿನ ಉಳಿದವರೆಲ್ಲ ಬಂದರು. ಅವಳ ತಂಡದ ಬಸ್ಸು ಖಾಲಿ ಬಂತು. ಬುರಿಟೊಗಳು ಪೆಟ್ಟಿಗೆಯಲ್ಲೇ ತಣ್ಣಗಾದವು. ನ್ಯಾಯಾಧೀಶರು ಒಂದೊಂದೇ ಹೆಸರು ಕೂಗಿದರು, ಯಾರೂ ಏಳಲಿಲ್ಲ. ಮಧ್ಯಾಹ್ನದವರೆಗೆ ಕಾದರು. ಟಾಲ್ಮನ್ ಪಡಸಾಲೆಗೆ ಓಡಿ ಫೋನ್ ಹಚ್ಚಿದ. ಮೊದಲ ರಿಂಗಿಗೇ ಅವಳು ಎತ್ತಿಕೊಂಡಳು.

"ಎಲ್ಲಿದ್ದೀಯಾ? ಏನಾಗಿದೆ ನಿನಗೆ?"

"ಮಗನ ಹತ್ರ ಇದೀನಿ. ಅವನ ಗೋರಿ ಮೇಲಿನ ಹುಲ್ಲಿಗೆ ನೀರು ಹಾಕ್ತಿದೀನಿ."

"ಕೋರ್ಟು ದಂಡ ಹಾಕುತ್ತೆ!"

"ನೀವು ಕೊಟ್ಟ ಕೂಲಿ ಹಾಗೇ ಇದೆ ಯಜಮಾನ್ರೇ, ಕಟ್ತೀವಿ. ಪಕ್ಕದ ರಾಜ್ಯದ ಆ ಹನ್ನೊಂದು ಜನ ವಕೀಲರು ಏನಂದ್ರು ಅಂತ ನೀವು ಕೇಳಲೇ ಇಲ್ಲ. 'ಈ ರಾಜ್ಯದಲ್ಲಿ ಆಸ್ಪತ್ರೆ ತಪ್ಪಿನ ಪರಿಹಾರಕ್ಕೆ ಮಿತಿ ಇದೆಯಮ್ಮ. ನಷ್ಟ ತೋರಿಸೋಕೆ ಮಗುಗೆ ಸಂಬಳ ಅಂತ ಇಲ್ಲ. ಕೇಸ್ ನಡೆಸೋ ಖರ್ಚೂ ಹುಟ್ಟಲ್ಲ' ಅಂದ್ರು. ಅಲ್ಲಿ ಆ ಮಿತಿ ಬರೆದುಕೊಟ್ಟೋರು ಯಾರು ಅಂತ ಆಮೇಲೆ ಹುಡುಕಿದೆ. ನಿಮ್ಮ ಹೆಸರು ಸಿಕ್ತು."

ಅವಳು ಫೋನ್ ಇಟ್ಟಳು.

ಒಳಗೆ ಅವನ ವಕೀಲ ಇನ್ನೊಂದು ದಿನ ಕೊಡಿ ಎಂದು ಬೇಡುತ್ತಿದ್ದ. "ಈ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ," ಎಂದರು ನ್ಯಾಯಾಧೀಶರು. "ಹೋದ ಸಲ ಬಹಳ ಹುಡುಕಿದೆ. ಸಿಗಲಿಲ್ಲ." ನಾಲ್ಕನೆಯ ಒಂದು ಪಾಲು ಸಹಿ ಹೋಯಿತು. ನವೆಂಬರಿನ ಮತದಾನವೂ ಹೋಯಿತು.

ಕಚೇರಿಗೆ ಮರಳಿದ ಟಾಲ್ಮನ್ ಚೌಕಟ್ಟಿನ ಮುಂದೆ ನಿಂತ. ಎರಡು ವರ್ಷಗಳಿಂದ ಅಲ್ಲೇ ತೂಗುತ್ತಿದ್ದ ತೀರ್ಪಿನಲ್ಲಿ 'ರದ್ದು' ಎಂಬ ಸಾಲನ್ನು ಬಿಟ್ಟು ಬೇರೇನನ್ನೂ ಅವನು ಓದಿರಲಿಲ್ಲ. ಮೊದಲ ಬಾರಿಗೆ ಗಾಜಿಗೆ ಮುಖ ಒತ್ತಿ, ಅಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ನೋಡಿದ.

ಅಂದು ಗೈರುಹಾಜರಾದ ಹದಿನಾಲ್ಕು ಮಂದಿಯ ಹೆಸರುಗಳು ಅಲ್ಲಿದ್ದವು: ಬೆಳಗ್ಗೆ ನ್ಯಾಯಾಧೀಶರು ಕೂಗಿದ ಅವೇ ಹದಿನಾಲ್ಕು, ಅದೇ ಕ್ರಮದಲ್ಲಿ, ಓಫೀಲಿಯಾ ಬೆಹರಾನೊಳಿಂದ ಮೊದಲುಗೊಂಡು.